ಕೆಂಚಿಯ ಬಾಳಂತನ

ಓಮದ ಕಾಳು ಮತ್ತು ಬೆಳ್ಳುಳ್ಳಿ ಸಿಪ್ಪೆಯನ್ನು ಕೆಂಡದ ಮೇಲೆ ಹಾಕಿದಾಗ ಏಳುವ ಹೊಗೆಯ ವಾಸನೆ ನನಗೆ ಏಳನೇ ವಯಸ್ಸಿನಿಂದ ಗೊತ್ತು. ಅಂಕೋಲೆಯ ಅಜ್ಜನ ಮನೆಯಲ್ಲಿ ಆಯಿ ನನ್ನ ತಮ್ಮನನ್ನು ಹೆತ್ತು ಮಲಗಿದ್ದ ಕೋಣೆಯ ವಾಸನೆ ಅದು. ಅಜ್ಜಿ ದಿನವೂ ಆಯಿಯನ್ನು ಮೀಯಿಸಿ, ಹೊಗೆ ತೋರಿಸಿ, ಹಳೆಯ ಹತ್ತಿ ಸೀರೆಯನ್ನು ಹೊಟ್ಟೆಗೆ ಸುತ್ತಿ ಎಳೆದು ಕಟ್ಟುತ್ತಿದ್ದಳು. "ನಿನ್ನೆಗಿಂತ ಇವತ್ತು ಒಂದು ಬೆರಳು ಬಿಗಿ" ಎನ್ನುತ್ತಿದ್ದಳು. ತಿಂಗಳು ಕಳೆದ ಮೇಲೆ ಆಯಿ ಎದ್ದು ಗದ್ದೆಗೆ ಹೋದಳು. ಆ ಹೊಗೆ ಎದ್ದ ಮನೆಯಲ್ಲಿ ಮಲಗಿದವರು ಎದ್ದೇ ಏಳುತ್ತಾರೆ ಎಂದು ನನ್ನ ಮನಸ್ಸು ಆಗಲೇ ತೀರ್ಮಾನ ಮಾಡಿಬಿಟ್ಟಿತ್ತು. ಅರವತ್ತು ವರ್ಷ ಕಳೆದ ಮೇಲೆ, 2007ರ ಮಳೆಗಾಲದಲ್ಲಿ, ಅದೇ ತೀರ್ಮಾನದಿಂದ ನಮ್ಮ ನಾಯಿಯ ಜೀವಕ್ಕೆ ಸಂಚಕಾರ ತಂದೆ.

ನಾನು ಧಾರವಾಡದಲ್ಲಿ ಬಿ.ಎ. ಓದಿ, ಕಾರವಾರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ಮೂವತ್ತೊಂದು ವರ್ಷ ದುಡಿದವಳು. ನಿವೃತ್ತಿಯ ವರ್ಷ ನಾನೂ ನನ್ನ ಗಂಡ ದೇವಿದಾಸರೂ ಅವರ್ಸಾದಲ್ಲಿ ಸಣ್ಣ ಮನೆ ಕಟ್ಟಿಸಿದೆವು. ಕೆಲಸ ನಡೆಯುತ್ತಿದ್ದಾಗ ಮರಳಿನ ರಾಶಿಯ ಮೇಲೆ ಬಂದು ಮಲಗಿದ ಕೆಂಪು ಬಣ್ಣದ ಮರಿಯೇ ಕೆಂಚಿ. ಮರಳು ಖಾಲಿಯಾದ ಮೇಲೆ ಜಗುಲಿಗೆ ಬಂದಳು. ಆ ಮಳೆಗಾಲಕ್ಕೆ ಅವಳಿಗೆ ಹನ್ನೊಂದು ವರ್ಷ.

ಬೇಲೆಕೇರಿಯಿಂದ ಬುಟ್ಟಿ ಹೊತ್ತು ಬರುವ ನಾಗಿ ನಮಗೆ ಮೀನು ಕೊಡುವವಳು. ನಮ್ಮ ಗೇಟು ಅವಳ ದಾರಿಯಲ್ಲಿ ಮೊದಲನೆಯದು. ಯಾರಿಗೂ ಮಾರುವ ಮೊದಲು ಒಂದು ತಾರ್ಲೆ ಮೀನನ್ನು ಕೆಂಚಿಯ ಮುಂದೆ ಹಾಕಿ, "ಇವ್ಳದೇ ನಂಗೆ ಬೋಣಿ" ಎನ್ನುತ್ತಿದ್ದಳು. ಆ ವರ್ಷ ಚೌತಿ ಮುಗಿದ ವಾರ ಅವಳು ಗೇಟಿನಿಂದಲೇ ಕೂಗಿದಳು.

"ಅಮ್ಮಾ, ಇದ್ರ ಮೈಯಲ್ಲಿ ಎಂತದೋ ಆಗದೆ. ತಾರ್ಲೆ ಮೂಗಿನ ಎದ್ರಿಗೆ ಬಿದ್ರೂ ಮೂಸುದಿಲ್ಲ. ನೀರು ಮಾತ್ರ ಎಮ್ಮೆ ಕುಡ್ದ ಹಂಗೆ ಕುಡೀತದೆ."

ದೇವಿದಾಸರು ಪೇಪರಿನಿಂದ ತಲೆ ಎತ್ತದೆ, "ವಯಸ್ಸಾಯ್ತಲ್ಲೆ ನಾಗಿ. ನಂಗೂ ಈಗೀಗ ಮೀನು ಸೇರುದಿಲ್ಲ" ಎಂದರು.

"ಹೌದಾ ಸಾಹೇಬ್ರೆ? ಹಂಗಾರೆ ನಿನ್ನೆ ತಕಂಡ ಬಾಂಗಡೆ ಎಲ್ಲಾ ಬೆಕ್ಕು ತಿಂತಾ?"

ಮರುದಿನವೇ ಕೆಂಚಿಯನ್ನು ಕಾರವಾರಕ್ಕೆ ಕರೆದುಕೊಂಡು ಹೋದೆವು. ಹಬ್ಬುವಾಡದಲ್ಲಿ ಸೂರಜ್ ಎಂಬ ಹೊಸ ಡಾಕ್ಟರು ನಾಯಿ, ಬೆಕ್ಕುಗಳಿಗೆ ದವಾಖಾನೆ ತೆರೆದಿದ್ದರು. ನಮ್ಮೂರಿನ ಹುಲಿಯಾ ತನ್ನ ರಿಕ್ಷಾದ ಸೀಟಿನ ಮೇಲೆ ಹೆಗಲಿನ ಟವೆಲನ್ನೇ ಹಾಸಿದ. ಅದಿರಿನ ಲಾರಿಗಳು ಹೊಂಡ ಮಾಡಿದ ಹೆದ್ದಾರಿಯಲ್ಲಿ, ಪ್ರತಿ ಹೊಂಡಕ್ಕೂ ಮೊದಲು "ಬಂತು, ಹಿಡ್ಕಣಿ" ಎಂದು ಹೇಳುತ್ತ ಎತ್ತಿನಗಾಡಿಯ ಹಾಗೆ ನಡೆಸಿದ.

ಡಾಕ್ಟರು ಪರೀಕ್ಷೆ ಮಾಡಿ, "ಗರ್ಭಕೋಶದಲ್ಲಿ ಕೀವು ತುಂಬಿದೆ. ತೆಗೆಯದಿದ್ರೆ ಉಳಿಯೂದಿಲ್ಲ. ತೆಗೆದ್ರೂ ಈ ವಯಸ್ಸಿಗೆ ನಾನು ಮಾತು ಕೊಡಲಾರೆ" ಎಂದರು. ಆಪರೇಷನ್ ಅದೇ ದಿನ ಆಯಿತು. ಮರುದಿನ ಸಂಜೆ ಕೆಂಚಿಯನ್ನು ಮನೆಗೆ ತಂದೆವು. ಹೊಟ್ಟೆಯ ನಡುವೆ ಗೇಣುದ್ದ ಹೊಲಿಗೆ. ಡಾಕ್ಟರು ತಮ್ಮ ಕೈಯಿಂದಲೇ ಕನ್ನಡದಲ್ಲಿ ಚೀಟಿ ಬರೆದು ಕೊಟ್ಟಿದ್ದರು. ಗಾಯ ಒಣಗಿರಬೇಕು, ಗಾಳಿಯಾಡಬೇಕು. ದಿನಕ್ಕೆರಡು ಸಲ ನೋಡಬೇಕು. ನೆಕ್ಕಲು ಬಿಡಬಾರದು. ಮೆತ್ತಗಿನ ಊಟ, ಉಪ್ಪು ಖಾರ ಬೇಡ. ಆ ಚೀಟಿಯನ್ನು ನಾನು ಎರಡು ಸಲ ಓದಿ ಕ್ಯಾಲೆಂಡರಿಗೆ ಸಿಕ್ಕಿಸಿದೆ.

ನೆಕ್ಕದ ಹಾಗೆ ಕುತ್ತಿಗೆಗೆ ಹಾಕುವ ಬುಟ್ಟಿ ಡಾಕ್ಟರ ಹತ್ತಿರ ಅವಳ ಅಳತೆಯದು ಇರಲಿಲ್ಲ. ದೇವಿದಾಸರು ಹಳೆಯ ನೀಲಿ ಬಕೇಟಿನ ತಳ ಕೊಯ್ದು, ಅಂಚಿಗೆ ಬಟ್ಟೆ ಸುತ್ತಿ ಹೊಲಿದರು. ನಲವತ್ತು ವರ್ಷಗಳಲ್ಲಿ ಅವರು ಸೂಜಿ ಹಿಡಿದದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಕೇಟು ಚೆನ್ನಾಗಿಯೇ ಕೂತಿತು. ಆದರೆ ಕೆಂಚಿ ಅದನ್ನು ಬಾಗಿಲಿಗೆ ಬಡಿದಳು, ಕಂಬಕ್ಕೆ ಬಡಿದಳು, ಕೊನೆಗೆ ಮೂಲೆಗೆ ಮುಖ ಮಾಡಿ ನಿಂತುಬಿಟ್ಟಳು. ಗಂಜಿ ಇಟ್ಟರೆ ತಿನ್ನಲಿಲ್ಲ. ಬಕೇಟು ತೆಗೆದು ಇಟ್ಟರೂ ತಿನ್ನಲಿಲ್ಲ. ಹಾಲನ್ನು ಚಮಚದಲ್ಲಿ ಬಾಯಿಗೆ ಬಿಟ್ಟರೆ ಇನ್ನೊಂದು ಬದಿಯಿಂದ ಇಳಿಯಿತು. ಎರಡು ದಿನ ಹೀಗೇ ಹೋಯಿತು.

ಮಳೆಗೆ ಎರಡು ದಿನ ಬಾರದಿದ್ದ ನಾಗಿ ಮೂರನೆಯ ಬೆಳಿಗ್ಗೆ ಬಂದಳು. ಬುಟ್ಟಿ ಇಳಿಸಿ, ಜಗುಲಿಯ ಮೂಲೆ ನೋಡಿ ಬಾಯಿಯ ಮೇಲೆ ಕೈಯಿಟ್ಟಳು.

"ಅಯ್ಯಯ್ಯೋ, ತಲೆಗೆ ಬಾಲ್ದಿ ಹಾಕೀರಾ? ಎಂತಾ ಅವಸ್ಥೆ ಮಾಡೀರಿ ಅಮ್ಮಾ!"

ಏನೇನಾಯಿತೆಂದು ಹೇಳಿದೆ. ಅವಳು ಕೆಂಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತು ಹೊಟ್ಟೆಯ ಕೆಳಗೆ ಬಗ್ಗಿ ನೋಡಿದಳು.

"ಗರ್ಭಚೀಲ ತೆಗ್ದಾರೆ ಅಂದ್ರೆ ಬಾಳಂತಿನೇ ಅಲ್ವಾ? ಹೊಟ್ಟೆ ಖಾಲಿ ಆಗದೆ. ಇಂತಾ ಮಳೇಲಿ ಹೊಟ್ಟೆ ಬಿಟ್ಕಂಡು ಮಲ್ಗಿದ್ರೆ ಗಾಳಿ ಹೊಗುದಿಲ್ವಾ? ಗಾಳಿ ಹೊಕ್ಕರೆ ತಿನ್ನುಕೆ ಮನ್ಸು ಎಲ್ಲಿಂದ ಬರ್ಬೇಕು?"

ಬೇಲೆಕೇರಿಯ ಅರ್ಧ ಕೇರಿಯ ಬಾಳಂತನ ಮಾಡಿದವಳು ನಾಗಿ. ನನ್ನಿಂದ ಹಳೆಯ ಹತ್ತಿ ಸೀರೆ ಕೇಳಿ ಪಡೆದು, ಉದ್ದಕ್ಕೆ ಹರಿದು, ಕೆಂಚಿಯ ಹೊಟ್ಟೆಗೆ ಮೂರು ಸುತ್ತು ಸುತ್ತಿ ಬೆನ್ನ ಮೇಲೆ ಗಂಟು ಹಾಕಿದಳು. ಒಡೆದ ಮಡಕೆಯ ಚೂರಿನಲ್ಲಿ ಕೆಂಡ ತರಿಸಿ ಓಮ ಹಾಕಿದಳು. ಹೊಗೆ ಎದ್ದಿತು. ನಾನು ಬಾಗಿಲ ಬಳಿ ನಿಂತಿದ್ದೆ. ಆ ಗಳಿಗೆಯಲ್ಲಿ ನನಗೆ ಕ್ಯಾಲೆಂಡರಿನ ಚೀಟಿ ನೆನಪಾಗಲಿಲ್ಲ.

ಹೊಟ್ಟೆ ಮುಚ್ಚಿದ್ದರಿಂದ ನೆಕ್ಕುವ ಭಯವಿಲ್ಲವೆಂದು ಬಕೇಟು ತೆಗೆದೆವು. ನಾಗಿ ಬುಟ್ಟಿಯಿಂದ ಒಂದು ನೊಗಲಿ ಮೀನು ಆರಿಸಿ ಕೊಟ್ಟಳು. ಮುಳ್ಳು ಕಡಿಮೆ, ಮೆತ್ತಗೆ, ಜ್ವರದವರಿಗೂ ಆಗುವ ಮೀನು ಅದು. ನಾನು ಬೇಯಿಸಿ ತಂದೆ. ಅವಳು ಮುಳ್ಳು ಬಿಡಿಸಿ, ಅನ್ನದ ಜೊತೆ ಹಿಸುಕಿ, ಬೆರಳ ತುದಿಯಲ್ಲಿ ಹಿಡಿದಳು. "ತಿನ್ನೇ ಹುಡ್ಗಿ. ಒಂದು ತುತ್ತು. ನಂಗೆ ಬೋಣಿ ಆಗ್ಬೇಕಲ್ಲೆ." ಕೆಂಚಿ ಮೂಸಿದಳು, ನೆಕ್ಕಿದಳು, ತಿಂದಳು. ಬಟ್ಟಲಿನ ಅರ್ಧ ಮುಗಿಯಿತು.

ಆಗ ದೇವಿದಾಸರು ಮೆಲ್ಲಗೆ, "ಡಾಕ್ಟ್ರು ಗಾಳಿಯಾಡ್ಬೇಕು ಅಂದಿದ್ರಲ್ಲೆ ಮಂದಾ?" ಎಂದರು.

"ಡಾಕ್ಟ್ರು ಎಷ್ಟು ಬಾಳಂತನ ನೋಡಿದಾರೆ?" ಎಂದೆ. ನಾಗಿ ನಕ್ಕಳು. ಆ ಮಾತು ನನ್ನದು, ನಾಗಿಯದಲ್ಲ.

ಹೋಗುವಾಗ ಅವಳು, "ನಾಳೆ ಬಿಚ್ಚಿ ನೋಡಿ, ಸಡ್ಲ ಮಾಡಿ ಕಟ್ಟಿ. ಹೊಲ್ಗೆ ಇದ್ದ ಹೊಟ್ಟೆ" ಎಂದು ಹೇಳಿದ್ದಳು. ನಾನು ಹೂಂ ಎಂದಿದ್ದೆ. ಆದರೆ ಮರುದಿನ ಬೆಳಿಗ್ಗೆ ಕೆಂಚಿ ಎದ್ದು ಅಂಗಳಕ್ಕೆ ಹೋಗಿ ಬಂದಳು, ಬಾಲವನ್ನೂ ಒಮ್ಮೆ ಆಡಿಸಿದಳು. ನಾನು ಹಿಗ್ಗಿ, ಗಂಟು ಬಿಚ್ಚಿ, ಮೇಲಿನ ಸುತ್ತನ್ನು ಎಳೆದು ಒಂದು ಬೆರಳು ಬಿಗಿ ಮಾಡಿದೆ. ಅದರ ಮರುದಿನ ಇನ್ನೊಂದು ಬೆರಳು. ಒಳಗಿನ ಸುತ್ತನ್ನು ಒಮ್ಮೆಯೂ ಬಿಚ್ಚಲಿಲ್ಲ. ನಾಗಿ ದಿನವೂ ಬಂದು ಉಣಿಸುತ್ತಿದ್ದಳು. ಕಟ್ಟು ಹೇಗಿದೆಯೆಂದು ಕೇಳಿದರೆ, "ನಾನು ನೋಡ್ಕಂಡೆ" ಎನ್ನುತ್ತಿದ್ದೆ. ಮಳೆ ಬಿಡಲೇ ಇಲ್ಲ. ಒಗೆದ ಬಟ್ಟೆ ಮೂರು ದಿನಕ್ಕೂ ಒಣಗದ ಹವೆ. ಆ ಬಟ್ಟೆಯ ಒಳಗೆ ಏನಾಗುತ್ತಿರಬಹುದು ಎಂದು ಯಾರಾದರೂ ಯೋಚಿಸಬಹುದಿತ್ತು.

ಏಳನೆಯ ದಿನ ಬಟ್ಟೆಯ ಮೇಲೆ ಹಳದಿ ಕಲೆ ಕಂಡಿತು. ಕೆಟ್ಟ ವಾಸನೆಯೂ ಬಂತು. ಕೆಂಚಿ ಏಳಲಿಲ್ಲ. ಎತ್ತಲು ಹೋದ ದೇವಿದಾಸರಿಗೆ ಗುರ್ ಎಂದಳು. ಅಷ್ಟರಲ್ಲಿ ನಾಗಿ ಬಂದಳು. ಕೆಂಚಿ ಅವಳಿಗೆ ಮಾತ್ರ ಮುಟ್ಟಲು ಬಿಟ್ಟಳು. ನಾಗಿ ತುಂಬಿದ ಮೀನಬುಟ್ಟಿಯನ್ನು ನಮ್ಮ ಜಗುಲಿಯ ಮೇಲೆ ಬಾಳೆಎಲೆ ಮುಚ್ಚಿ ಇಟ್ಟು, ಆ ದಿನದ ವ್ಯಾಪಾರ ಬಿಟ್ಟು, ಕೆಂಚಿಯನ್ನು ಮಡಿಲಲ್ಲಿಟ್ಟುಕೊಂಡು ನನ್ನ ಜೊತೆ ಹುಲಿಯಾನ ರಿಕ್ಷಾ ಹತ್ತಿದಳು.

ಡಾಕ್ಟರು ಕತ್ತರಿಯಿಂದ ಬಟ್ಟೆ ಕೊಯ್ದರು. ಗಾಯದ ಸುತ್ತ ಚರ್ಮ ನೀರಲ್ಲಿ ನೆನೆದ ಹಾಗೆ ಬೆಳ್ಳಗಾಗಿತ್ತು. ಎರಡು ಹೊಲಿಗೆ ಹರಿದಿದ್ದವು.

"ಇದನ್ನ ಇಷ್ಟು ಬಿಗಿಯಾಗಿ ಕಟ್ಟಿದವ್ರು ಯಾರು?"

ಹೊರಗಿನ ಬೆಂಚಿನ ಮೇಲೆ ನಾಲ್ಕೈದು ಜನ ತಮ್ಮ ನಾಯಿ, ಬೆಕ್ಕು ಹಿಡಿದು ಕೂತಿದ್ದರು. ಬಾಗಿಲು ತೆರೆದಿತ್ತು. ನಾನು ಹೇಳಿದೆ: "ಮೀನು ಕೊಡುವ ನಾಗಿ ಕಟ್ಟಿದ್ದು. ಅವಳಿಗೆ ತಿಳೀಲಿಲ್ಲ."

ನಾಗಿ ಮೇಜಿನ ಆಚೆ ಬದಿಯಲ್ಲಿ ಕೆಂಚಿಯ ತಲೆ ಹಿಡಿದು ನಿಂತಿದ್ದಳು.

ಡಾಕ್ಟರು ಕೆಟ್ಟವರಲ್ಲ. ಆದರೆ ಅವರಿಗೆ ಸಿಟ್ಟು ಬಂದಿತ್ತು. "ನೋಡಿ, ನೀವು ಮೀನು ಮಾರಿ. ಡಾಕ್ಟರಿಕೆ ಮಾಡ್ಬೇಡಿ. ಇನ್ನೆರಡು ದಿನ ಬಿಟ್ಟಿದ್ರೆ ಈ ನಾಯಿ ಹೋಗ್ತಿತ್ತು. ಈಗ್ಲೂ ಎಂತ ಆಗ್ತದೋ" ಎಂದರು. ಬೆಂಚಿನಲ್ಲಿದ್ದ ಯಾರೋ ಒಬ್ಬರು ನಕ್ಕರು.

"ತಪ್ಪಾಯ್ತು ಡಾಕ್ಟ್ರೆ" ಎಂದಳು ನಾಗಿ.

ಹೊಲಿಗೆ ಮತ್ತೆ ಹಾಕಿ, ಔಷಧ ಬದಲಿಸಿ ಕಳಿಸಿದರು. ಮುಚ್ಚಲೇಬೇಕೆಂದರೆ ಮನುಷ್ಯರ ಹಳೆಯ ಬನಿಯನ್ ಹಾಕಿ, ಸಡಿಲ ಇರಲಿ, ದಿನಕ್ಕೆರಡು ಸಲ ಬದಲಿಸಿ ಎಂದರು. ಎರಡು ದಿನದಲ್ಲಿ ತಿನ್ನಲು ಶುರು ಮಾಡದಿದ್ದರೆ ಸಲೈನಿಗೆ ಕರೆತರಬೇಕು, ಆದರೆ ಅಷ್ಟರ ಮೇಲೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದೂ ಹೇಳಿದರು. ಮನೆಗೆ ಬಂದು ನಾಗಿ ಕೆಂಚಿಯನ್ನು ಗೋಣಿಯ ಮೇಲೆ ಮಲಗಿಸಿ, ಬುಟ್ಟಿ ತಲೆಗೇರಿಸಿಕೊಂಡು ಹೊರಟಳು. ಆ ಹೊತ್ತಿಗೆ ಮೀನು ಹಾಳಾಗಿತ್ತು.

ಮರುದಿನ ಅವಳು ಬರಲಿಲ್ಲ, ಅದರ ಮರುದಿನವೂ ಇಲ್ಲ. ಕೆಂಚಿ ದೇವಿದಾಸರ ಬನಿಯನ್ ತೊಟ್ಟು ಮಲಗಿದ್ದಳು. ಮುಂಗಾಲು ಎರಡೂ ತೋಳಿನಿಂದ ಹೊರಗೆ ಬಂದು ಯಾರೋ ದಣಿದ ಮುದುಕರ ಹಾಗೆ ಕಾಣುತ್ತಿದ್ದಳು. ಗಾಯ ಒಣಗುತ್ತ ಬಂದಿತ್ತು. ಬೆಳಿಗ್ಗೆಯೂ ಸಂಜೆಯೂ ನಾನು ಬಗ್ಗಿ ನೋಡುತ್ತಿದ್ದೆ. ಆದರೆ ಅನ್ನ ಮುಟ್ಟಲಿಲ್ಲ. ಪೇಟೆಯಿಂದ ನೊಗಲಿ ತರಿಸಿ ಬೇಯಿಸಿದೆ, ನಾಗಿ ಮಾಡಿದ ಹಾಗೆಯೇ ಹಿಸುಕಿ ಬೆರಳಲ್ಲಿ ಹಿಡಿದೆ. ಕೆಂಚಿ ನನ್ನ ಕೈಯನ್ನು ಒಮ್ಮೆ ಮೂಸಿ, ಗೇಟಿನ ಕಡೆ ಮುಖ ತಿರುಗಿಸಿದಳು.

"ಅವ್ಳು ಬರುದಿಲ್ಲ" ಎಂದರು ದೇವಿದಾಸರು. "ಕೆಳಗಿನ ರಸ್ತೆಯಿಂದ ಹೋದಳಂತೆ. ಹುಲಿಯಾ ಹೇಳಿದ. ಎಲ್ಲಾ ಹೇಳಿದ."

ರಿಕ್ಷಾ ನಿಲ್ಲಿಸಿ ಹುಲಿಯಾನೂ ಆ ಬಾಗಿಲಿನ ಹತ್ತಿರವೇ ನಿಂತಿದ್ದನೆಂಬುದು ನನಗೆ ಆಗ ನೆನಪಾಯಿತು.

"ದಿನಾ ಬಿಗಿ ಮಾಡಿದ್ದು ನೀನಲ್ವೇನೆ?" ಎಂದು ಕೇಳಿದರು. ಬಯ್ಯುವ ಧ್ವನಿಯಲ್ಲಲ್ಲ. ಬಸ್ಸು ಬಂತೇ ಎಂದು ಕೇಳುವಷ್ಟು ಸಾದಾ ಆಗಿ. ನಾನು ಒಳಗೆ ಹೋಗಿ ಡಾಕ್ಟರಿಗೆ ಫೋನ್ ಮಾಡಿದೆ. ಮೂವತ್ತೊಂದು ವರ್ಷ ಫೋನಿನಲ್ಲಿ ಮಾತಾಡಿದವಳಿಗೆ ಮುಖ ಕಾಣದ ಕಡೆ ಧೈರ್ಯ ಬೇಗ ಬರುತ್ತದೆ.

"ಡಾಕ್ಟ್ರೆ, ನಾನು ಮಂದಾಕಿನಿ, ಅವರ್ಸಾದಿಂದ. ಮೊದಲ ದಿನ ಕಟ್ಟಿದ್ದು ನಾಗಿ, ಸಡಿಲ ಮಾಡಿ ಅಂತ್ಲೂ ಹೇಳಿದ್ದಳು. ಆಮೇಲೆ ಬಿಗಿದದ್ದು ನಾನು. ನಿಮ್ಮ ಚೀಟಿ ಓದಿದವಳೂ ನಾನೇ."

"ಇದನ್ನ ನಂಗೆ ಯಾಕೆ ಹೇಳ್ತೀರಿ? ಅವರಿಗೆ ಹೇಳಿ" ಎಂದರು. ಆಮೇಲೆ, "ನಾನೂ ಅಷ್ಟು ಜನರ ಎದ್ರಿಗೆ ಹಾಗೆ ಹೇಳ್ಬಾರ್ದಿತ್ತು. ನನ್ನ ಪರವಾಗಿಯೂ ಹೇಳಿ. ನಾಯಿ ತಿಂತಾ?" ಎಂದರು.

"ಇಲ್ಲ" ಎಂದೆ.

ಅರ್ಧ ತಾಸಿನಲ್ಲಿ ನಾನು ಹುಲಿಯಾನ ರಿಕ್ಷಾದಲ್ಲಿ ಬೇಲೆಕೇರಿಗೆ ಬಂದಿಳಿದೆ. ನಾಗಿ ವ್ಯಾಪಾರದಿಂದ ಆಗಷ್ಟೇ ಮರಳಿದ್ದಳು. ಮಳೆ ಬಿಟ್ಟು ಬಿಸಿಲು ಬಿದ್ದಿತ್ತು. ಅಂಗಳದಲ್ಲಿ ನಾಲ್ಕು ಹೆಂಗಸರು ಚಾಪೆಯ ಮೇಲೆ ಮೀನು ಒಣಹಾಕುತ್ತಿದ್ದರು. ನನ್ನನ್ನು ಮೊದಲು ಕಂಡದ್ದು ನಾಗಿಯ ಅತ್ತಿಗೆ ಬೊಮ್ಮಿ.

"ಬನ್ನಿ ಬನ್ನಿ. ಏ ನಾಗೀ, ನಿನ್ನ ಹತ್ರ ಡಾಕ್ಟರಿಕೆ ಕಲೀತೆ ಅಂತ ಬಂದಾರೆ ನೋಡೇ. ಮಣೆ ಹಾಕೇ."

ಹೆಂಗಸರು ನಕ್ಕರು. ನಾಗಿ ನಗಲಿಲ್ಲ, ಮೀನು ಹರಡುವುದನ್ನು ನಿಲ್ಲಿಸಲೂ ಇಲ್ಲ. ಅವಳನ್ನು ಪಕ್ಕಕ್ಕೆ ಕರೆದು ಹೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದೆ. ಆದರೆ ದವಾಖಾನೆಯಲ್ಲಿ ನಾನು ಅವಳ ಹೆಸರು ಹೇಳಿದ್ದು ಪಕ್ಕಕ್ಕೆ ಕರೆದಲ್ಲ. ಅಂಗಳದ ನಡುವೆ ನಿಂತೇ ಹೇಳಿದೆ.

"ಬೊಮ್ಮಿ, ನೀನೂ ಕೇಳು. ಕೆಂಚಿಯ ಹೊಲಿಗೆ ಹರಿದದ್ದು ನಾಗಿ ಕಟ್ಟಿದ್ದಕ್ಕಲ್ಲ. ಸಡಿಲ ಮಾಡು ಅಂತ ಇವ್ಳು ಹೇಳಿದ್ರೂ ನಾನು ಬಿಗಿ ಮಾಡಿದೆ. ಡಾಕ್ಟ್ರು ಕೇಳಿದಾಗ ನಾಚಿಕೆಗೆ ಇವ್ಳ ಹೆಸರು ಹೇಳ್ದೆ. ನಾಗಿ, ತಪ್ಪು ನಂದು."

ಬೊಮ್ಮಿ ಕಾಗೆ ಓಡಿಸುವ ನೆಪದಲ್ಲಿ ಆಚೆ ತಿರುಗಿದಳು. ನಾಗಿ ಕೈಗೆ ಹತ್ತಿದ ಉಪ್ಪನ್ನು ಕೊಡವಿದಳು.

"ಡಾಕ್ಟ್ರು ಬೈದದ್ದು ನಂಗೆ ಎಂತಾ ಅಲ್ಲ ಅಮ್ಮಾ. ಪ್ಯಾಟೆಲಿ ದಿನಾ ಯಾರಾರೂ ಬೈತಾರೆ. ನೀವು ನನ್ನ ಹೆಸ್ರು ಹೇಳ್ದಾಗ ನಾ ನಿಮ್ಮ ಮುಖ ನೋಡ್ದೆ. ನೀವು ನೋಡ್ಲಿಲ್ಲ."

"ನೋಡಲಿಲ್ಲ" ಎಂದೆ.

"ಎಂಟು ವರ್ಷ ಆಯ್ತು ನಾ ನಿಮ್ಮನಿಗೆ ಬರುಕೆ ಹತ್ತಿ."

ಡಾಕ್ಟರು ಹೇಳಿಕಳಿಸಿದ್ದನ್ನೂ ಹೇಳಿದೆ. ಅದಕ್ಕೆ ಅವಳು, "ಹುಡ್ಗ ಅಂವ, ಬಿಡಿ" ಎಂದಳು. ನನ್ನನ್ನು ಬಿಟ್ಟಳೋ ಇಲ್ಲವೋ ತಿಳಿಯಲಿಲ್ಲ. ಬೊಮ್ಮಿ ಒಳಗಿಂದ ಒಂದು ಲೋಟ ನೀರು ತಂದುಕೊಟ್ಟಳು. ಬಿಸಿಲಲ್ಲಿ ನಿಂತವಳಿಗೆ ಅದು ಬೇಕಾಗಿತ್ತು ಎಂದು ಕುಡಿದ ಮೇಲೆ ಗೊತ್ತಾಯಿತು. ನಾನು ಹೊರಡಲು ತಿರುಗಿದೆ.

"ತಿಂತದ್ಯಾ ಅದು?" ಎಂದು ನಾಗಿ ಹಿಂದಿನಿಂದ ಕೇಳಿದಳು.

"ಮೊನ್ನೆಯಿಂದ ಒಂದು ಅಗುಳೂ ಇಲ್ಲ. ಗೇಟು ನೋಡ್ತದೆ."

ನಾಗಿ ಚಾಪೆಯ ಮೀನನ್ನು ನೋಡಿದಳು, ಆಕಾಶ ನೋಡಿದಳು. "ಅತ್ತಿಗೇ, ಮಳೆ ಬಂದ್ರೆ ನಂದೂ ಎತ್ತಿಡೇ" ಎಂದು ಹೇಳಿ, ಕೈ ತೊಳೆದು, ಮನೆಯ ಹಿಂದಿನಿಂದ ಎರಡು ನೊಗಲಿಗಳನ್ನು ಎಲೆಯಲ್ಲಿ ಸುತ್ತಿಕೊಂಡು ಬಂದು ರಿಕ್ಷಾದಲ್ಲಿ ಕೂತಳು. "ಹುಲಿಯಾ, ಇವತ್ತು ಬ್ಯಾಗ ಹೊಡಿ ಮಾರಾಯ. ಬಾಳಂತಿ ಏನು ರಿಕ್ಷಾದಲ್ಲಿ ಇಲ್ಲ." ಹುಲಿಯಾ ಕನ್ನಡಿಯಲ್ಲಿ ನನ್ನನ್ನು ನೋಡಿ, ನಾನು ಗದರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ನಕ್ಕ.

ನಾಗಿ ಗೇಟು ತೆರೆದ ಸದ್ದಿಗೆ ಕೆಂಚಿ ತಲೆ ಎತ್ತಿದಳು. ಏಳಲು ಹೋಗಿ ಬನಿಯನ್ ಕಾಲಿಗೆ ಸಿಕ್ಕಿ ಕೂತಳು.

"ಓಹೋ, ಸಾಹೇಬ್ರ ಬನೀನು! ಇನ್ನು ಪೇಪರ್ ಒಂದು ಕೊಟ್ಬಿಡಿ, ಓದ್ಲಿ" ಎಂದಳು ನಾಗಿ. ದೇವಿದಾಸರು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿದರು.

ಮೊದಲು ಅವಳು ಬನಿಯನ್ ಎತ್ತಿ ಗಾಯ ನೋಡಿದಳು. ಬೆರಳು ಮುಟ್ಟಿಸಲಿಲ್ಲ. "ಒಣಗ್ತಾ ಬಂದದೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಸರಿಯಾಗಿ ನೋಡ್ಕಂಡೀರಿ" ಎಂದಳು. ನಾನು ಮೀನು ಬೇಯಿಸಿ ತಂದುಕೊಟ್ಟೆ. ಮೊದಲ ತುತ್ತನ್ನು ಕೆಂಚಿ ಬಾಯಲ್ಲಿಟ್ಟುಕೊಂಡು ಸುಮ್ಮನೆ ಕೂತಳು. ನಾವು ಮೂವರೂ ಅವಳ ಗಂಟಲನ್ನೇ ನೋಡುತ್ತಿದ್ದೆವು. ನುಂಗಿದಳು. ಎರಡನೆಯದಕ್ಕೆ ತಾನೇ ಮುಂದೆ ಬಗ್ಗಿದಳು. ಅರ್ಧ ಮುಗಿದ ಮೇಲೆ ನಾಗಿ ಬಟ್ಟಲನ್ನು ನನ್ನ ಕಡೆ ಸರಿಸಿ, "ಉಳ್ದದ್ದು ನೀವು ಉಣ್ಸಿ. ನಾ ದಿನಾ ಬರುಕಾಗ್ತದ್ಯಾ? ಕೈ ಮೂಸ್ಲಿ, ಅವಸ್ರ ಮಾಡ್ಬೇಡಿ" ಎಂದಳು. ಅವಳು ನನ್ನ ಮೊಣಕೈ ಹಿಡಿದಿದ್ದಳು. ಕೆಂಚಿ ನನ್ನ ಬೆರಳನ್ನು ಬಹಳ ಹೊತ್ತು ಮೂಸಿದಳು, ನಾಗಿಯನ್ನು ನೋಡಿದಳು, ನನ್ನನ್ನು ನೋಡಿದಳು, ತಿಂದಳು.

ಆಗ ಎರಡೂವರೆ ಗಂಟೆ. ನಾಗಿ ಬೆಳಿಗ್ಗೆ ಐದಕ್ಕೆ ಚಾ ಕುಡಿದು ಹೊರಟವಳು. ಅದು ನನ್ನ ತಲೆಗೆ ಬಂದಿರಲಿಲ್ಲ. ನನ್ನ ಎರಡೂ ಕೈ ನಾಯಿಯ ಬಾಯಿಯ ಬಳಿ ಇದ್ದವು. ಯಾವಾಗ ಎದ್ದು ಹೋಗಿದ್ದರೋ, ದೇವಿದಾಸರು ಅಡುಗೆಮನೆಯ ಕಡೆಯಿಂದ ಬಂದರು. ಕೈಯಲ್ಲಿ ನಾವು ಉಣ್ಣುವ ಸ್ಟೀಲಿನ ತಟ್ಟೆ, ಅದರಲ್ಲಿ ಅನ್ನ, ಬಾಂಗಡೆ ಸಾರು, ಅಂಚಿಗೆ ಒಂದು ಚೂರು ಉಪ್ಪಿನಕಾಯಿ. ನಾಗಿ ಕೈ ತೊಳೆದು ಬರುವವರೆಗೂ ತಟ್ಟೆ ಹಿಡಿದು ನಿಂತಿದ್ದರು. ಅವಳು ಜಗುಲಿಯ ಮೇಲೆ ಕೂತ ಮೇಲೆ ತಟ್ಟೆಯನ್ನು ಅವಳ ಎರಡೂ ಕೈಗೆ ಕೊಟ್ಟರು.